ಮೇಷ್ಟ್ರ ಹಳೇ ಕಾರಿನ ಹಾರ್ನ್

"ಓಡಿಸಿ, ತೊಳೀರಿ, ಬೇಕಾದ್ರೆ ಬಣ್ಣಾನೂ ಹೊಡೀರಿ. ಆದ್ರೆ ಇದರಲ್ಲಿ ಏನೇನು ಕೆಟ್ಟಿದೆಯೋ ಅದನ್ನ ಮಾತ್ರ ರಿಪೇರಿ ಮಾಡ್ಬೇಡಿ ತಮ್ಮ."

ಡ್ರಾಯಿಂಗ್ ಮೇಷ್ಟ್ರು ಕಾರಿನ ಕೀಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಈ ಮಾತು ಹೇಳಿದಾಗ ಸ್ಪ್ಯಾನರ್‌ಗೆ ನಗು ತಡೆಯಲಾಗಲಿಲ್ಲ.

"ಕೆಟ್ಟಿದ್ದನ್ನ ಬಿಟ್ಟು ಸರಿ ಇರೋದನ್ನ ರಿಪೇರಿ ಮಾಡ್ಲಾ ಮೇಷ್ಟ್ರೇ?"

ಮೇಷ್ಟ್ರು ನಗಲಿಲ್ಲ. "ನಾನು ಹೇಳಿದ್ದು ಕೇಳಿಸ್ಕೊಂಡ್ರಿ ತಾನೇ? ಬಾಯ್ಬಿಟ್ಟು ಹೇಳಿ."

"ಕೇಳಿಸ್ಕೊಂಡೆ ಮಾರಾಯ್ರೇ."

ಆಮೇಲಷ್ಟೇ ಅವರು ಕಾರನ್ನು ಅವನ ಪಾಲಿಗೆ ಬಿಟ್ಟು ಕೀಲಿ ಕೊಟ್ಟರು. ಕೊಟ್ಟವರು ದೊಡ್ಡದೊಂದು ನಿಟ್ಟುಸಿರು ಬಿಟ್ಟರು. ಅದನ್ನು ಸ್ಪ್ಯಾನರ್ ಗಮನಿಸಲಿಲ್ಲ. ಅವನ ಕಣ್ಣು ಆಗಲೇ ಬಾನೆಟ್ಟಿನ ಮೇಲಿತ್ತು.

ಸ್ಪ್ಯಾನರ್ ಅನ್ನುವುದು ಆ ಬೀದಿಗೆ ಬಾಡಿಗೆಗೆ ಬಂದ ಕೆಲವೇ ದಿನಗಳಲ್ಲಿ ಜನ ಅವನಿಗೆ ಇಟ್ಟ ಹೆಸರು. ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಅವನಿಗೆ ಕೆಲಸ. ಎಲ್ಲಿ ಏನು ಕೆಟ್ಟರೂ ಅವನ ಕೈ ತುರಿಸುತ್ತಿತ್ತು. ಎದುರುಮನೆಯಾಕೆಯ ಫ್ಯಾನು ಕಿರ್ರೆಂದರೆ ಕರೆಯದೆ ಹೋಗಿ ಬಿಚ್ಚಿ ಕೂರುತ್ತಿದ್ದ. ಬಿಚ್ಚಿದ ಹಳೇ ಸಾಮಾನನ್ನು ಎಸೆಯುವ ಅಭ್ಯಾಸವೂ ಅವನಿಗಿರಲಿಲ್ಲ. ಜಿಡ್ಡು, ತುಕ್ಕು ಸಮೇತ ಎಲ್ಲವನ್ನೂ ಒಂದು ಮರದ ಪೆಟ್ಟಿಗೆಗೆ ತುಂಬುತ್ತಿದ್ದ. ಮನೆಯೆಲ್ಲ ಗುಜರಿ ಅಂಗಡಿಯಾಯಿತು ಎಂದು ಅಕ್ಕ ದಿನವೂ ಬೈಯುತ್ತಿದ್ದಳು.

ಅಕ್ಕ ಎಂದರೆ ಅವನಿಗೆ ಇದ್ದೊಬ್ಬ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಬಟ್ಟೆ ಹೊಲಿದು ಅವನನ್ನು ಸಾಕಿದವಳು. ಅವಳ ಹೊಲಿಗೆ ಮೆಷೀನಿನ ಸದ್ದಿಗಿಂತ ಅವಳ ಗಂಟಲಿನ ಸದ್ದೇ ಜೋರು. ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ "ಪುಟ್ಟಾ... ಬಾರೋ!" ಎಂದು ಅವಳು ಕೂಗಿದರೆ ಬೀದಿಯ ಆ ತುದಿಯವರೂ ತಟ್ಟೆ ಹಾಕಿಕೊಳ್ಳುತ್ತಿದ್ದರು. ಆ ಪುಟ್ಟನ ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದ್ದರೂ ಅವನು ಆ ಕೂಗಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದ. ಅವನು ಓಡುತ್ತಿದ್ದದ್ದು ಅದೊಂದಕ್ಕೇ.

"ಮೇಷ್ಟ್ರು ಬೇಡ ಅಂದಿದಾರೆ ಕಣೋ," ಎಂದಳು ಅಕ್ಕ, ಕಾರು ಹಿತ್ತಲಿನ ತಗಡಿನ ಶೆಡ್ಡಿಗೆ ಬಂದ ದಿನ. "ದೊಡ್ಡವರು ಸುಮ್‌ಸುಮ್ನೆ ಹೇಳ್ತಾರಾ?"

"ಎಂಬತ್ತು ದಾಟಿದೆ ಅಕ್ಕ ಅವರಿಗೆ. ಏನೇನೋ ಹೇಳ್ತಾರೆ."

ಎಂಬತ್ತು ದಾಟಿದ್ದೇನೋ ನಿಜ. ಆದರೆ ಮೇಷ್ಟ್ರು ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದರು, ಕೋಲಿಲ್ಲದೆ ಬೀದಿ ಸುತ್ತುತ್ತಿದ್ದರು, ಗಂಟೆ ಹೊಡೆದ ಹಾಗೆ ಮಾತಾಡುತ್ತಿದ್ದರು. ಆ ವಯಸ್ಸಿಗೆ ಅದೆಂಥ ಆರೋಗ್ಯ ಎಂದು ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅದು ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ.

ಕಾರಿನಲ್ಲಿ ಕೆಟ್ಟಿದ್ದವು ನಾಲ್ಕು. ಬಲಗಡೆಯ ಹೆಡ್‌ಲೈಟು ಹತ್ತುತ್ತಿರಲಿಲ್ಲ. ಎಡಗಡೆಯ ಹಿಂದಿನ ಚಕ್ರ ಹಿಡಿದುಕೊಂಡು ಕಾರು ಕುಂಟುತ್ತಿತ್ತು. ಹಾರ್ನ್ ಒತ್ತಿದರೆ ಗಾಳಿ ಸೋರಿದಂತೆ ಬರೀ "ಹ್ಸ್..." ಅನ್ನುತ್ತಿತ್ತು. ಏರು ಬಂದರೆ ಎಂಜಿನ್ನಿಗೆ ಉಸಿರು ಕಟ್ಟಿ ಕೆಮ್ಮು ಬರುತ್ತಿತ್ತು.

ಮೊದಲ ಭಾನುವಾರ ಅವನು ಹೆಡ್‌ಲೈಟು ಬಿಚ್ಚಿದ. ಒಳಗಿನಿಂದ ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಬಟ್ಟಲಿನ ಹಿಂಭಾಗಕ್ಕೆ ಬೂದು ಬಣ್ಣದ ಮೇಣದ ಉಂಡೆಯೊಂದನ್ನು ಮೆತ್ತಿದ್ದರು. ಮೇಣದೊಳಗೆ ಒಂದು ರೆಪ್ಪೆಕೂದಲು. "ಯಾವನೋ ಮೆಕ್ಯಾನಿಕ್ ಮೇಣ ಮೆತ್ತಿ ಕೈ ತೊಳ್ಕೊಂಡಿದಾನೆ," ಎಂದು ನಕ್ಕು ಇಡೀ ಬಟ್ಟಲನ್ನು ಪೆಟ್ಟಿಗೆಗೆ ಹಾಕಿ, ಹೊಸದು ಕೂರಿಸಿದ. ದೀಪ ಝಗ್ಗೆಂದು ಹತ್ತಿತು.

ಆ ವಾರ ಅಕ್ಕನಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಬಲಗಣ್ಣಿನ ಮುಂದೆ ಹೊಗೆ ಕವಿದಂತಿದೆ ಎಂದಳು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಕಣ್ಣಿನಲ್ಲಿ ಏನೂ ದೋಷವಿಲ್ಲ ಎಂದರು.

ಮುಂದಿನ ಭಾನುವಾರ ಚಕ್ರ. ಬ್ರೇಕಿನ ಡ್ರಮ್ಮಿನೊಳಗೆ ಅದೇ ಬೂದು ಮೇಣ, ಅದರಲ್ಲಿ ಹಳದಿಗಟ್ಟಿದ ಕಾಲಿನ ಉಗುರು. ವಾಸನೆಗೆ ಈ ಸಲ ವಾಕರಿಕೆ ಬಂತು. ಆದರೂ ಬ್ರೇಕ್ ಶೂಗಳನ್ನು ಮೇಣದ ಸಮೇತ ಕಿತ್ತು ಪೆಟ್ಟಿಗೆಗೆ ಎಸೆದ. ಹೊಸ ಶೂ ಹಾಕಿದ್ದೇ ಚಕ್ರ ಬೆಣ್ಣೆಯಂತೆ ತಿರುಗಿತು. ಎರಡು ದಿನಕ್ಕೆ ಅಕ್ಕನ ಎಡಗಾಲು ಮರಗಟ್ಟಿ, ಹೊಲಿಗೆ ಮೆಷೀನಿನ ಪೆಡಲು ತುಳಿಯಲಾಗದೆ ಕೂತಳು.

"ಆ ಗಾಡಿ ಬಂದಾಗಿಂದ ಹಿಂಗಾಗ್ತಿದೆ ಪುಟ್ಟ," ಎಂದಳು ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದೇ ಹೆದರಿಕೆಯ ಸಂಗತಿಯಾಗಿತ್ತು.

"ಕೂತೂ ಕೂತೂ ನರ ಹಿಡ್ಕೊಂಡಿದೆ ಅಷ್ಟೇ. ಗಾಡಿ ಪೂರ್ತಿ ಸರಿಯಾಗ್ಲಿ, ನಿನ್ನ ದೊಡ್ಡಾಸ್ಪತ್ರೆಗೇ ಕರ್ಕೊಂಡು ಹೋಗ್ತೀನಿ."

ಪ್ರೀತಿಯೇನೋ ಪ್ರೀತಿಯೇ. ಆದರೆ ಆ ಪ್ರೀತಿಯ ಕೈಗೆ ಸ್ಪ್ಯಾನರ್ ಹಿಡಿಯುವುದೊಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಮೂರನೇ ಭಾನುವಾರ ಬೆಳಗ್ಗೆಯೇ ಶೆಡ್ಡು ಸೇರಿದ. ಮೊದಲು ಹಾರ್ನ್. ಬಿಚ್ಚಿದರೆ ಒಳಗೆ ಮೇಣ, ಮೇಣದಲ್ಲಿ ಹೂತ ಒಂದು ಹಲ್ಲು. ಹಾರ್ನಿನ ಭಾಗವೆಲ್ಲ ಗಟ್ಟಿಮುಟ್ಟಾಗಿತ್ತು, ಹೊಸದು ಹಾಕುವ ಅಗತ್ಯವಿರಲಿಲ್ಲ. ಸ್ಕ್ರೂಡ್ರೈವರಿನಿಂದ ಮೇಣ ಕೆರೆದ. ಹಲ್ಲು ಟಕ್ಕೆಂದು ನೆಲಕ್ಕೆ ಬಿತ್ತು. ಉಪ್ಪುಕಾಗದದಿಂದ ಒಳಗೆಲ್ಲ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಬಾಯಿಂದ ಉಫ್ ಎಂದು ಊದಿದ. ನೆಲದ ಕಸವನ್ನೆಲ್ಲ ಬಕೆಟ್ ನೀರು ಸುರಿದು ಬೀದಿಯ ದೊಡ್ಡ ಚರಂಡಿಗೆ ಗುಡಿಸಿಬಿಟ್ಟ. ಅದೇ ಉತ್ಸಾಹದಲ್ಲಿ, ಎಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರ್ ಕಳಚಿದ. ಅದರ ಅಡಿಯಲ್ಲೂ ಮೇಣ, ಒಂದು ಹಿಡಿ ಎದೆಗೂದಲು. ಅದನ್ನು ಹಾಗೇ ಪೆಟ್ಟಿಗೆಗೆ ತಳ್ಳಿ, ಗುಜರಿಯಿಂದ ತಂದಿದ್ದ ಬೇರೆ ಗಾಡಿಯ ದೊಡ್ಡ ಕಾರ್ಬುರೇಟರನ್ನು ಹೇಗೋ ಹೊಂದಿಸಿ ಕೂರಿಸಿದ.

ಕೀಲಿ ತಿರುಗಿಸಿದ. ಎಂಜಿನ್ ಹುಲಿಯಂತೆ ಗುಡುಗಿತು. ಹಾರ್ನ್ ಒತ್ತಿದ. ಬೀದಿಗೆ ಬೀದಿಯೇ ತಿರುಗಿ ನೋಡುವಂಥ ಸದ್ದು. ಸ್ಪ್ಯಾನರ್ ಒಬ್ಬನೇ ಚಪ್ಪಾಳೆ ತಟ್ಟಿಕೊಂಡ.

ಹೊಟ್ಟೆ ಹಸಿದಾಗಲೇ ಅವನಿಗೆ ಹೊಳೆದದ್ದು. ಊಟದ ಹೊತ್ತು ಮೀರಿತ್ತು. ಅಕ್ಕ ಕೂಗಿರಲಿಲ್ಲ.

ಅವಳು ಅಡುಗೆಮನೆಯ ಕಿಟಕಿಯ ಕೆಳಗೆ ಗೋಡೆಗೊರಗಿ ಕುಸಿದಿದ್ದಳು. ತಮ್ಮನನ್ನು ಕಂಡು ಬಾಯಿ ತೆರೆದಳು. ಒಳಗಿನಿಂದ ಬಂದದ್ದು ಒಂದೇ ಸದ್ದು.

"ಹ್ಸ್..."

ಆ ಸದ್ದು ಅವನಿಗೆ ಗೊತ್ತಿತ್ತು. ಬೆಳಗ್ಗೆಯವರೆಗೂ ಅದು ಹಾರ್ನಿನಲ್ಲಿತ್ತು. ನೋಡನೋಡುತ್ತಿದ್ದಂತೆ ಅಕ್ಕನಿಗೆ ಕೆಮ್ಮು ಬಂತು. ಏರು ಹತ್ತಲಾರದ ಎಂಜಿನ್ನಿನ ಅದೇ ಕೆಮ್ಮು.

ಎದುರುಮನೆಯಾಕೆಯನ್ನು ಕೂಗಿ, ಅಕ್ಕನ ಪಕ್ಕ ಕೂರಿಸಿ, ಆಂಬುಲೆನ್ಸಿಗೆ ಫೋನು ಮಾಡಿಸಿ, ಅವನು ಬರಿಗಾಲಲ್ಲಿ ಬೀದಿಯ ತುದಿಗೆ ಓಡಿದ.

ಮೇಷ್ಟ್ರು ಜಗಲಿಯಲ್ಲಿ ಕೂತು ಚಿತ್ರ ಬರೆಯುತ್ತಿದ್ದರು. ಅವನ ಮುಖ ನೋಡಿದ್ದೇ ಅವರಿಗೆಲ್ಲ ಅರ್ಥವಾಯಿತು.

"ನಾಲ್ಕೂ ಮುಟ್ಟಿದ್ರಾ?"

"ಏನ್ ಮಾಡಿದೀರಿ ಮೇಷ್ಟ್ರೇ ಆ ಗಾಡಿಗೆ?"

"ನಂಗೆ ಬಂದಿದ್ದನ್ನೆಲ್ಲ ಅದಕ್ಕೆ ಇಳಿಸಿದೆ. ಕಣ್ಣು ಹೋಗಿತ್ತು, ಕಾಲು ಬಿದ್ದಿತ್ತು, ಮಾತು ನಿಂತಿತ್ತು, ಎದೆ ಕಟ್ಟಿತ್ತು. ಮಾಟಗಾರನೊಬ್ಬ ಮೇಣದಲ್ಲಿ ಕಟ್ಟಿ ಕೊಟ್ಟ." ಅವರ ದನಿಯಲ್ಲಿ ನಾಚಿಕೆಯಿರಲಿಲ್ಲ. "ಗಾಡಿ ತುಕ್ಕು ಹಿಡಿದು ಸತ್ರೆ ಎಲ್ಲ ನಂಗೇ ವಾಪಸ್. ಯಾರಾದ್ರೂ ರಿಪೇರಿ ಮಾಡಿದ್ರೆ, ಆ ಕೈಗೆ ಯಾರು ಅನ್ನ ಹಾಕ್ತಾರೋ ಅವರಿಗೆ."

"ಮತ್ತೆ ಬೇಡ ಅಂತ ಯಾಕೆ ಹೇಳಿದ್ರಿ?"

"ಹೇಳಲೇಬೇಕು. ಹೇಳದೆ ಕೊಟ್ರೆ ಮಾಟ ದಾಟಲ್ಲ. ಅದಕ್ಕೇ, ಎಷ್ಟು ಹೇಳಿದ್ರೂ ಕೈ ಕಟ್ಟಿ ಕೂರದವರು ಬರ್ಲಿ ಅಂತ ಕಾದಿದ್ದೆ."

ಸ್ಪ್ಯಾನರ್ ಅವರ ಕುತ್ತಿಗೆಗೆ ಕೈ ಹಾಕಿದ. ಎಂಬತ್ತು ದಾಟಿದ ಕುತ್ತಿಗೆ, ಕಬ್ಬಿಣದಷ್ಟು ಗಟ್ಟಿ.

"ಬಿಡಿ. ನನ್ನ ಕೊಂದ್ರೂ ನಿಮ್ಮಕ್ಕ ಉಳಿಯಲ್ಲ. ಹಳೇ ಸಾಮಾನೆಲ್ಲ ಎಸೆದಾಯ್ತಲ್ಲ, ಇನ್ನು ಯಾರ ಕೈಲೂ ಏನೂ ಆಗಲ್ಲ."

ಅವನ ಕೈ ಸಡಿಲವಾಯಿತು. "ನಾನು ಎಸೆಯಲ್ಲ ಮೇಷ್ಟ್ರೇ. ಏನನ್ನೂ ಎಸೆಯಲ್ಲ."

ಮೊದಲ ಬಾರಿಗೆ ಮೇಷ್ಟ್ರ ಮುಖದಲ್ಲಿ ರಕ್ತ ಇಂಗಿತು. ಕೈಯ ಪೆನ್ಸಿಲು ಜಾರಿ ಬಿತ್ತು. "ಎಲ್ಲರೂ ಎಸೀತಾರಲ್ಲ..." ಎಂದು ಅವರು ತೊದಲುವಷ್ಟರಲ್ಲಿ ಅವನು ಬೀದಿಯ ಅರ್ಧ ದಾಟಿದ್ದ.

ಶೆಡ್ಡಿನೊಳಗೆ ಕಾಲಿಟ್ಟದ್ದೇ ಷಟರ್ ತಾನಾಗಿ ಧಡಾರನೆ ಇಳಿಯಿತು. ಬಲ್ಬು ಪಟ್ಟೆಂದು ಸಿಡಿಯಿತು. ಹೊರಗೆ ಉರಿಬಿಸಿಲು, ಒಳಗೆ ಕಾಡಿಗೆಯಂಥ ಕತ್ತಲೆ. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಆರಿಸಿ ಹೋಗಿದ್ದ ಎಂಜಿನ್ ಓಡುತ್ತಿತ್ತು. ಕೀಲಿ ಅವನ ಜೇಬಿನಲ್ಲೇ ಇತ್ತು.

ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಪೆಟ್ಟಿಗೆ ಬೋರಲು ಹಾಕಿದ. ಹಳೇ ಕಾರ್ಬುರೇಟರ್ ಸಿಕ್ಕಿತು. ಮೇಣ ಬೆಚ್ಚಗಿತ್ತು. ಅದು ಮಿಡಿಯುತ್ತಿತ್ತು.

ಬ್ಯಾಟರಿಯ ತಂತಿ ಕಿತ್ತ. ಎಂಜಿನ್ ನಿಲ್ಲಲಿಲ್ಲ. ಪೆಟ್ರೋಲ್ ಪೈಪ್ ಕಿತ್ತ. ನಿಲ್ಲಲಿಲ್ಲ. ಓಡುವ ಎಂಜಿನ್ನಿನ ನಟ್ಟಿಗೇ ಸ್ಪ್ಯಾನರ್ ಹಾಕಿದ. ಬೆಳಗ್ಗೆ ಕೈಯಲ್ಲೇ ತಿರುಗಿಸಿದ್ದ ನಟ್ಟು ಈಗ ಜಪ್ಪಯ್ಯ ಅನ್ನಲಿಲ್ಲ. ಕೈ ಜಾರಿತು. ಬೆರಳಿನ ಚರ್ಮ ಸುಲಿಯಿತು. ರಕ್ತದಲ್ಲಿ ಸ್ಪ್ಯಾನರ್ ಇನ್ನೂ ಜಾರಿತು.

ಆಗ ಹಾರ್ನ್ ಕೂಗಿತು.

ಯಾರೂ ಒತ್ತಿರಲಿಲ್ಲ. ತಂತಿ ಕಿತ್ತು ಬಿದ್ದಿತ್ತು. ಆದರೂ ಕೂಗಿತು. ಮೊದಲು ಉದ್ದ, ಆಮೇಲೆ ಗಿಡ್ಡ, ಕೊನೆಗೆ ಎಳೆದು. ಪುಟ್ಟಾ... ಬಾರೋ. ಥೇಟ್ ಅಕ್ಕನದೇ ರಾಗ. ಕಿಟಕಿಯಿಂದ ಕೂಗುವ ಅದೇ ರಾಗ.

ಅವನ ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು. ಈ ಕೂಗಿಗೆ ಕೆಲಸ ಬಿಟ್ಟು ಓಡಿಯೇ ಅವನಿಗೆ ರೂಢಿ. ಮತ್ತೆ ಕೂಗಿತು. ಬಾರೋ. ಬಿಟ್ಟು ಬಾರೋ. ಕಣ್ಣಲ್ಲಿ ನೀರು ಸುರಿಯಿತು. ಅವನು ಹೋಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಆ ಕೂಗಿಗೆ ಅವನು ಹೋಗಲಿಲ್ಲ. "ಬರಲ್ಲ ಅಕ್ಕಾ!" ಎಂದು ಅರಚಿದ. ಟಾರ್ಚ್ ಬಿತ್ತು. ಕತ್ತಲಲ್ಲೇ ನಟ್ಟು ತಡಕಿದ. ಎರಡೂ ಕೈ ಹಾಕಿ ಎಳೆದ. ಕದಲಿತು. ಇನ್ನೊಂದು. ಮತ್ತೊಂದು. ದೊಡ್ಡ ಕಾರ್ಬುರೇಟರ್ ಕಳಚಿ ಬಿತ್ತು. ಹಳೆಯದನ್ನು ಒತ್ತಿ ಹಿಡಿದ. ಅಂಗೈ ಸುಟ್ಟಿತು. ಬಿಡಲಿಲ್ಲ. ನಟ್ಟು ಏರಿಸಿದ. ಬಿಗಿದ.

ಎಂಜಿನ್ ಕೆಮ್ಮಿತು. ನಡುಗಿತು. ಉಸಿರು ಕಟ್ಟಿ ನಿಂತಿತು.

ಮನೆಯೊಳಗಿಂದ ಎದುರುಮನೆಯಾಕೆಯ ದನಿ ಬಂತು. "ಉಸಿರಾಡ್ತಿದಾರೆ! ಉಸಿರು ಬಂತು!"

ಅವನು ಅಲ್ಲೇ ಕುಸಿದು ಮಗುವಿನಂತೆ ಅತ್ತ. ಅತ್ತುಕೊಂಡೇ ಜಾಕ್ ಏರಿಸಿದ, ಹಳೇ ಬ್ರೇಕ್ ಶೂ ತೊಡಿಸಿದ, ಹಳೇ ಹೆಡ್‌ಲೈಟಿನ ಬಟ್ಟಲು ಕೂರಿಸಿದ. ಆಮೇಲೆ ಹಾರ್ನ್ ಬಿಚ್ಚಿದ. ಒಳಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅವನೇ ಉಜ್ಜಿದ್ದು. ಅಷ್ಟು ಶ್ರದ್ಧೆಯಿಂದ ಅವನು ಯಾವುದನ್ನೂ ಉಜ್ಜಿರಲಿಲ್ಲ.

ಚರಂಡಿಗಿಳಿದು ಕೆಸರಿನಲ್ಲಿ ಕೈಯಾಡಿಸಿದ. ಆಂಬುಲೆನ್ಸ್ ಬಂದು ಅಕ್ಕನನ್ನು ಕರೆದೊಯ್ಯುವಾಗಲೂ ಅವನು ಚರಂಡಿಯಲ್ಲೇ ಇದ್ದ. ಹಲ್ಲು ಸಿಗಲಿಲ್ಲ.

ಅಕ್ಕ ಬದುಕಿದಳು. ಕಣ್ಣು ತಿಳಿಯಾಯಿತು, ಕಾಲು ಪೆಡಲು ತುಳಿಯಿತು. ಮಾತು ಮಾತ್ರ ಬರಲಿಲ್ಲ. ಬೈಯಲೂ ಬರಲಿಲ್ಲ. ತನ್ನ ಮೇಲೆ ಸಿಟ್ಟಿದೆಯಾ ಎಂದು ಅವನು ಒಮ್ಮೆ ಕೇಳಿದ. ಅವಳು ಅವನ ತಲೆ ಸವರಿ, ಮತ್ತೆ ಹೊಲಿಗೆಗೆ ಕೂತಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಕಾರನ್ನು ಅವನು ಶೆಡ್ಡಿನಿಂದ ಹೊರಗೆಳೆದು ಬಯಲಿನಲ್ಲಿ ನಿಲ್ಲಿಸಿದ. ಮಳೆ ಬಂದರೂ ಹೊದಿಕೆ ಹಾಕಲಿಲ್ಲ. ಬಾಗಿಲಿನ ಅಂಚು ಕೆಂಪಾಗಿ ಉದುರತೊಡಗಿತು. ಒಂದು ಬೆಳಗ್ಗೆ ಮೇಷ್ಟ್ರು ಗೋಡೆ ಹಿಡಿದು, ಎಡಗಾಲು ಎಳೆಯುತ್ತ ಗೇಟಿನ ಬಳಿ ಬಂದರು. "ಒಂದು ಟಾರ್ಪಾಲಾದ್ರೂ ಹೊದಿಸಿ ತಮ್ಮ," ಎಂದರು. ಸ್ಪ್ಯಾನರ್ ಅವರನ್ನು ಒಳಗೆ ಕರೆಯಲಿಲ್ಲ.

ಆದರೆ ಆ ಕಾರಿನ ಬ್ಯಾಟರಿಯನ್ನು ಅವನು ತಪ್ಪದೆ ಚಾರ್ಜ್ ಮಾಡುತ್ತಾನೆ. ಹಾರ್ನಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿ, ತಿಂಗಳಿಗೊಮ್ಮೆ ಬಿಚ್ಚಿ ಒರೆಸುತ್ತಾನೆ. ಮಧ್ಯಾಹ್ನ ಅಡುಗೆಯಾದ ಮೇಲೆ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲಿಗೆ ಬರುತ್ತಾಳೆ. ತುಕ್ಕು ಹಿಡಿದ ಬಾಗಿಲು ತೆರೆದು ಕಾರಿನೊಳಗೆ ಕೂರುತ್ತಾಳೆ. ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಆಮೇಲೆ ಎಳೆದು ಹಾರ್ನ್ ಒತ್ತುತ್ತಾಳೆ.

ಬೀದಿಯ ಆ ತುದಿಯವರೂ ತಟ್ಟೆ ಹಾಕಿಕೊಳ್ಳುತ್ತಾರೆ.

"ಬಂದೆ ಅಕ್ಕಾ," ಎಂದು ಕೈಯಲ್ಲಿದ್ದ ಕೆಲಸ ಬಿಟ್ಟು ಅವನು ಓಡುತ್ತಾನೆ.