ಕನ್ನಡಿ ಸರಿಸಿದ ಮಾಂತ್ರಿಕ

ಗೋಡೆಗೆ ಕಿವಿಯಷ್ಟೇ ಅಲ್ಲ, ಉಸಿರೂ ಇದ್ದ ಕಾಲದಲ್ಲಿ ಬಣ್ಣವತಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಮುತ್ತಾತನ ಕಾಲದ ಕಲ್ಲಿನ ಮೂರ್ತಿಗಳು, ತಾತನ ಕಾಲದ ಗೋಡೆಚಿತ್ರಗಳು, ಈಗಿನ ರಾಜನ ಬಟ್ಟೆಚಿತ್ರಗಳು ಇದ್ದವು.

ಧೂಮಲನೆಂಬ ಮಾಂತ್ರಿಕ ಬಂದು ರಾಜನನ್ನು ನವಿಲುಗರಿಯಿಂದ ಮುಟ್ಟಿದ. ರಾಜ ಗೋಡೆಯ ಚಿತ್ರವಾದ, ಧೂಮಲ ಗದ್ದುಗೆ ಏರಿದ. ಅವನ ಚಿತ್ರ ಬರೆಯಲು ಒಲ್ಲೆನೆಂದ ಚಿತ್ರಗಾರ ಕೇತಯ್ಯನಿಗೂ ಅದೇ ಗತಿಯಾಯಿತು.

ಕೇತಯ್ಯನ ಹೆಂಡತಿ ಬೊಮ್ಮಲೆಯೂ ಉಳಿ, ಕುಂಚ ಎರಡೂ ಬಲ್ಲವಳೇ. ಗಂಡನನ್ನು ಬಿಡಿ ಎಂದು ಧೂಮಲನನ್ನು ಬೇಡಿದಳು. ಕಲ್ಲು, ಗೋಡೆ, ಬಟ್ಟೆ, ಮೂರೂ ಕಾಲದ ರೀತಿಯಲ್ಲಿ ನನ್ನ ರೂಪ ಮಾಡಬೇಕು, ಒಂದಕ್ಕಾದರೂ ಜೀವ ಬಂದರೆ ಬಿಡುತ್ತೇನೆ, ಇಲ್ಲವಾದರೆ ನೀನೂ ಗೋಡೆಗೆ ಎಂದ ಧೂಮಲ.

ಬೊಮ್ಮಲೆಯ ಕುಲದವರು ಮೂರ್ತಿಯ, ಚಿತ್ರದ ಕಣ್ಣನ್ನು ಕೊನೆಗೆ ತೆರೆಸುತ್ತಾರೆ, ಎದುರಿಗೆ ಕನ್ನಡಿ ಇಟ್ಟು. ಹೊಸ ಕಣ್ಣಿಗೆ ಹಸಿವು ಹೆಚ್ಚು, ಮೊದಲು ಕಂಡದ್ದನ್ನು ನುಂಗುತ್ತದೆ. ತನ್ನ ಬಿಂಬವನ್ನೇ ನುಂಗಿ ತಣ್ಣಗಾಗಲಿ ಎಂದು ಕನ್ನಡಿ.

ಕಲ್ಲಿನಲ್ಲಿ ಕೆತ್ತಿ, ಕನ್ನಡಿ ಇಟ್ಟು, ಕಣ್ಣು ತೆರೆಸಿದಳು. ಜೀವವಿಲ್ಲ ಎಂದ ಧೂಮಲ. ಗೋಡೆಯಲ್ಲಿ ಬರೆದು, ಕನ್ನಡಿ ಇಟ್ಟು, ಕಣ್ಣು ತೆರೆಸಿದಳು. ಜೀವವಿಲ್ಲ ಎಂದ. ಬಟ್ಟೆಯ ಮೇಲೆ ಬರೆದು ಕನ್ನಡಿ ಇಡುವಾಗ ಅವನಿಗೆ ಅನುಮಾನ ಬಂತು.

"ಜೀವವನ್ನೆಲ್ಲ ಈ ಕನ್ನಡಿಯೇ ಕದೀತಿದೆ. ತೆಗಿ, ನಾನೇ ನಿಲ್ತೀನಿ."

ಸುಮ್ಮನಿದ್ದರೆ ಇವನೊಂದಿಗೆ ಇವನ ಮಾಟವೂ ಹೋಗಿ ಗಂಡ ಬರುತ್ತಾನೆ. ಅದು ಬೊಮ್ಮಲೆಗೆ ಗೊತ್ತಿತ್ತು. ಆದರೂ ಹೇಳಿದಳು: "ಬೇಡಿ ಸ್ವಾಮಿ, ಹೊಸ ಕಣ್ಣು ನಿಮ್ಮನ್ನೇ ನುಂಗುತ್ತೆ."

"ನನಗೇ ಮಂತ್ರ ಹೇಳಿಕೊಡ್ತೀಯಾ?"

ಕೆಡುವ ಕಾಲಕ್ಕೆ ಬುದ್ಧಿ ಮೊದಲು ಕೆಡುತ್ತದೆ. ಕನ್ನಡಿಯನ್ನು ತಾನೇ ಸರಿಸಿ ನಿಂತ. ಅವಳು ಕಣ್ಣು ಬರೆದಳು. ಒಣಹಾಕಿದ ಸೀರೆಯ ಹಾಗೆ ಬಟ್ಟೆ ಒಮ್ಮೆ ಅಲುಗಿತು. ನೆಲದ ಮೇಲೆ ನವಿಲುಗರಿ ಮಾತ್ರ ಉಳಿದಿತ್ತು. ಚಿತ್ರದೊಳಗೆ ಧೂಮಲ ಬಾಯಿ ತೆರೆದು ನಿಂತಿದ್ದ.

ಅವನ ಮಾಟ ಕಳಚಿತು. ಕೇತಯ್ಯ ಗೋಡೆಯಿಂದ ಇಳಿದು ಬಂದ. ಬೊಮ್ಮಲೆ ಅವನ ತೋಳು ಹಿಡಿದು ಮನಸಾರೆ ಅತ್ತಳು. ರಾಜನೂ ಇಳಿದ, ಇಳಿದವನೇ ಆ ಬಟ್ಟೆಯನ್ನು ಸುಡಿರಿ ಎಂದ.

"ಸುಡಬೇಡಿ ಮಹಾಪ್ರಭು," ಎಂದಳು ಬೊಮ್ಮಲೆ. "ಒಳಗೆ ಉಸಿರಿದೆ. ಮಾತಾಡಿಸೋರಿಲ್ಲದೆ ನಿಲ್ಲೋದು ಏನು ಅಂತ ತಮಗೇ ಗೊತ್ತಲ್ಲ."

ರಾಜ ತಾನು ಚಿತ್ರವಾಗಿದ್ದ ಗೋಡೆಯತ್ತ ತಿರುಗಿ ನೋಡಿದ. ಆಮೇಲೆ ಬಟ್ಟೆಯನ್ನು ಹೆಬ್ಬಾಗಿಲಲ್ಲಿ, ಜನ ಓಡಾಡುವಲ್ಲಿ ತೂಗುಹಾಕಿಸಿದ. ಸಂತೆಗೆ ಹೋಗುವವರು ಅವನಿಗೆ ತರಕಾರಿಯ ಬೆಲೆ ಹೇಳಿ ಹೋದರು, ಮುದುಕಿಯರು ಸೊಸೆಯರ ದೂರು ಹೇಳಿ ಹೋದರು. ಎಷ್ಟೋ ವರ್ಷದ ಮೇಲೆ ಆ ತೆರೆದ ಬಾಯಿ ಮೆಲ್ಲಗೆ ಮುಚ್ಚಿ ನಗುವಾಯಿತು. ಬಣ್ಣವತಿಯಲ್ಲಿ ಎಲ್ಲರೂ ಸುಖವಾಗಿದ್ದರು, ಅವನೂ.