ಬಾಗಿಲ ಮುಂದಿನ ಪೆಟ್ಟಿಗೆ

ಶನಿವಾರ ಬೆಳಿಗ್ಗೆ ೧೧.೨೦ಕ್ಕೆ ಜರ್ಮನಿಯ ಹೈಡೆಲ್‌ಬರ್ಗ್ ಠಾಣೆಗೆ ದೂರು ಬಂತು. ವಿಜ್ಞಾನಿ ಶೇಷಗಿರಿಯವರ ಮನೆಬಾಗಿಲಿಗೆ ಯಾರೋ ಬೆಂಕಿ ಇಟ್ಟಿದ್ದರು. ಆರಿಸಲು ಹೋದ ಹೆಂಡತಿ ಉಷಾರ ಎರಡೂ ಅಂಗೈ ಸುಟ್ಟಿದ್ದವು. ಇದು ನಾತ್ಸಿಗಳ ಜನಾಂಗದ್ವೇಷ, ಮೂವತ್ತು ವರ್ಷ ಈ ದೇಶಕ್ಕೆ ದುಡಿದದ್ದಕ್ಕೆ ಸಿಕ್ಕ ಬಹುಮಾನ ಎಂದು ಶೇಷಗಿರಿ ಬರೆಸಿದರು. ಇನ್ಸ್‌ಪೆಕ್ಟರ್ ವಿಭಾ ದೂರು ದಾಖಲಿಸಿಕೊಂಡರು. ವಿಭಾ ಹುಟ್ಟಿದ್ದು ಇಲ್ಲೇ. ಕನ್ನಡ ಅಜ್ಜಿಯಿಂದ ಬಂದದ್ದು.

ಸ್ಥಳ ಪರಿಶೀಲನೆಯಲ್ಲಿ ಸಿಕ್ಕಿದ್ದು ರಟ್ಟಿನ ಪೆಟ್ಟಿಗೆಯ ಬೂದಿ, ಒಂದು ಸ್ಟೀಲ್ ತಟ್ಟೆ, ಲೋಟ, ಅರೆಸುಟ್ಟ ಬೆಡ್‌ಶೀಟ್. ಬೇಡದ ಸಾಮಾನನ್ನು, ಬೇಕಾದವರು ಒಯ್ಯಲೆಂದು, ಪೆಟ್ಟಿಗೆಯಲ್ಲಿ ಹಾಕಿ ಬಾಗಿಲ ಮುಂದಿಡುವುದು ಇಲ್ಲಿನ ರೂಢಿ. ತಟ್ಟೆ ಗಟ್ಟಿಯಾಗಿಯೇ ಇದೆಯಲ್ಲ, ಯಾಕೆ ಬಿಟ್ಟರು ಎಂದು ಪೇದೆ ಯೋನಾಸ್ ಕೇಳಿದ. ವಿಭಾ ತಟ್ಟೆಯ ಫೋಟೊ ತೆಗೆದುಕೊಂಡರು.

ಅಷ್ಟರಲ್ಲಿ ಜರ್ಮನಿ ಕನ್ನಡಿಗರ ಆನ್‌ಲೈನ್ ಬಳಗದಲ್ಲಿ ಖಂಡನೆಗಳು ಉಕ್ಕುತ್ತಿದ್ದವು. ಅವುಗಳ ಮೇಲೆ ಹಿಂದಿನ ರಾತ್ರಿಯ ಫೋಟೊ: ಎಷ್‌ಬಾರ್ನ್‌ನ ಐಟಿ ಉದ್ಯೋಗಿ ಸಮೀವುಲ್ಲಾ ಶೇಷಗಿರಿಯವರ ಪಕ್ಕ ಕೂತು ಉಣ್ಣುತ್ತಿದ್ದಾನೆ. ಮುಂದಿನ ತಿಂಗಳು ಅವನಿಗೆ ಜರ್ಮನ್ ಪೌರತ್ವ. ಅಷ್ಟರೊಳಗೆ ಬಳಗದ ಎಲ್ಲರನ್ನೂ ಅವರವರ ಮನೆಯಲ್ಲೇ ಕಾಣುತ್ತೇನೆಂದು ಹೊರಟವನ ಪ್ರವಾಸವನ್ನು ಬಳಗ ಹಬ್ಬವಾಗಿಸಿತ್ತು. "ಹ್ಯಾನೋವರ್‌ಗೆ ಯಾವಾಗ ಮಗಾ? ಬಂದ್ರೆ ಪಾತ್ರೆ ನೀನೇ ತೊಳೀಬೇಕು," ಎಂದು ಒಬ್ಬ ಬರೆದಿದ್ದ. ಶೇಷಗಿರಿ ಬರೆದದ್ದು: "ಕನ್ನಡವೇ ನಮ್ಮ ಜಾತಿ."

ಫೋಟೊದಲ್ಲಿ ಉಳಿದವರ ಮುಂದೆ ಪಿಂಗಾಣಿ ತಟ್ಟೆಗಳು. ಅವನ ಮುಂದೆ ಮಾತ್ರ ಸ್ಟೀಲಿನದು. ಎಲ್ಲರೂ ಹೃದಯದ ಚಿಹ್ನೆ ಒತ್ತಿದ್ದರು, ತಟ್ಟೆಯನ್ನು ಒಬ್ಬರೂ ನೋಡಿರಲಿಲ್ಲ.

ವಿಭಾ ಆಸ್ಪತ್ರೆಗೆ ಹೋದರು.

"ಪೆಟ್ಟಿಗೆ ಇಟ್ಟಿದ್ದು ಯಾರು, ಆಂಟಿ?"

"ನಾನೇ. ಇವರು ಹೇಳಿದ್ರು."

"ಯಾವಾಗ?"

"ಬೆಳಿಗ್ಗೆ ಆ ಹುಡುಗ ಹೊರಟ ತಕ್ಷಣ." ಉಷಾ ಕಟ್ಟು ಹಾಕಿದ ಕೈಗಳನ್ನು ನೋಡಿಕೊಂಡರು. "ತಟ್ಟೆ ಲೋಟ ನಾನು ತೊಳ್ದು ಒಳಗಿಟ್ಟಿದ್ದೆ ಕಣಮ್ಮ. ಇವರು ತೆಗೆಸಿದ್ರು."

ಟ್ರಾಮ್ ನಿಲ್ದಾಣದ ಕ್ಯಾಮೆರಾದಲ್ಲಿ ಸಮೀವುಲ್ಲಾ ಇದ್ದ. ಟ್ರಾಮ್ ಹತ್ತದೆ ಆ ಮನೆಯತ್ತ ಹಿಂದಿರುಗಿದ್ದ; ಆಮೇಲೆ ಓಡಿ ಬಂದಿದ್ದ.

ಸಂಜೆ ಎಷ್‌ಬಾರ್ನ್‌ನಲ್ಲಿ ಅವನೇ ಬಾಗಿಲು ತೆರೆದ.

"ಯಾಕೆ ವಾಪಸ್ ಹೋದೆ?"

"ಚಾರ್ಜರ್ ಮರೆತಿದ್ದೆ ಮೇಡಂ. ಬೆಲ್ ಒತ್ತೋಕೆ ಹೋಗಿ ಕೆಳಗೆ ನೋಡ್ದೆ. ನಾನು ಮಲಗಿದ್ದ ಬೆಡ್‌ಶೀಟೂ ಇತ್ತು."

"ಒಳಗೆ ಜನ ಇದ್ದದ್ದು ಗೊತ್ತಿತ್ತಾ?"

"ಗೊತ್ತಿತ್ತು. ಪೆಟ್ಟಿಗೆ ಸುಟ್ಟರೆ ಸಾಕು ಅಂದ್ಕೊಂಡೆ." ಫೋನಿನಲ್ಲಿ ಬಳಗದ ಖಂಡನೆಗಳನ್ನು ತೋರಿಸಿ ಕೇಳಿದ, "ಆಂಟಿ ಕೈ ಹೇಗಿದೆ?"

ಸುಟ್ಟಿವೆ ಎಂದು ವಿಭಾ ಹೇಳಿದರು. ಪೌರತ್ವದ ಬಗ್ಗೆ ಅವನು ಕೇಳಲಿಲ್ಲ. ಕೈಗಳನ್ನು ತಾನಾಗಿಯೇ ಮುಂದೆ ಚಾಚಿದ.

ಪೊಲೀಸ್ ವಾಹನ ಹೊರಡುವ ಮೊದಲೇ ಬಳಗ ಅವನನ್ನು ಹೊರಹಾಕಿತ್ತು. ಉಣಿಸಿದ ಮನೆಗಳೆಲ್ಲ ಅವನ ಫೋಟೊ ಅಳಿಸತೊಡಗಿದ್ದವು.

ಬಂಧನದ ವರದಿಯಲ್ಲಿ ಕೃತ್ಯಕ್ಕೆ ಕಾರಣ ಎಂಬಲ್ಲಿ ವಿಭಾ 'ಅವಮಾನ' ಎಂದು ಬರೆದರು. ಅಷ್ಟರಲ್ಲಿ ಶೇಷಗಿರಿಯವರ ಫೋನು ಬಂತು. ದೂರು ಬದಲಿಸುವುದು ಬೇಡ, ಜನಾಂಗದ್ವೇಷ ಎಂದೇ ಇರಲಿ, ಆರೋಪಿಯ ಹೆಸರು ಮಾತ್ರ ಸೇರಿಸಿಕೊಳ್ಳಿ ಎಂದರು.