ಕಾಳಜಿ ಕೇಂದ್ರದ ಊಟ

ಟೆಂಪೋ ಶಾಲೆಯ ಗೇಟು ದಾಟಿ ಒಳಗೆ ಬರುತ್ತಲೇ ಬಿಸಿ ಸಾರಿನ ವಾಸನೆ ಹಬ್ಬಿತು. ಜೆಸ್ಲಿನ್ ಕೈಯಲ್ಲಿದ್ದ ಮೈಕ್ ಕೆಳಗಿಳಿಸಿದಳು.

ಉಪ್ಪಿನಬೆಟಗೇರಿಯ ಆ ಶಾಲೆಯಲ್ಲಿ ಅಂದು ನಡೆದದ್ದು ಮಾಕ್ ಡ್ರಿಲ್. ಹಳ್ಳಕ್ಕೆ ನೆರೆ ಬಂದು ಜನ ಶಾಲೆಗೆ ಬಂದು ಸೇರಿದ್ದಾರೆ ಎಂದು ಊಹಿಸಿಕೊಂಡು, ಯಾರು ಯಾರಿಗೆ ಫೋನ್ ಮಾಡಬೇಕು, ಊಟ ಎಲ್ಲಿಂದ ಬರಬೇಕು ಎಂದು ತಾಲೂಕಿನ ಅಧಿಕಾರಿಗಳಿಗೆ ರೂಢಿ ಮಾಡಿಸುವ ಕೆಲಸ. ಅದನ್ನು ಕಲಿಸಲು ಜಿಲ್ಲಾಡಳಿತ ಕರೆಸಿದ್ದ ಸಂಸ್ಥೆಯಲ್ಲಿ ಜೆಸ್ಲಿನ್ ತರಬೇತುದಾರಳು. ಏಪ್ರಿಲ್ ಬಿಸಿಲು. ಹಳ್ಳದಲ್ಲಿ ಹನಿ ನೀರಿರಲಿಲ್ಲ.

ಟೆಂಪೋದಿಂದ ಇಳಿದವನು ಅಂಗಿಯ ತೋಳು ಮಡಚಿಕೊಂಡಿದ್ದ, ಬೆವರಿನಲ್ಲಿ ತೊಯ್ದುಹೋಗಿದ್ದ. ಗಿಡದ ನೆರಳಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಅಧಿಕಾರಿಗಳನ್ನು ನೋಡಿದ. ಖಾಲಿ ವರಾಂಡ ನೋಡಿದ. ಆಮೇಲೆ ಅವಳನ್ನು ನೋಡಿದ.

"ಮಂದಿ ಎಲ್ಲಿ ಅದಾರ್ರಿ?"

"ಯಾವ ಮಂದಿರಿ?"

"ಇನ್ನೂರು ಮಂದಿ ಬಂದು ಕುಂತಾರ, ಊಟ ಕಳಸ್ರಿ ಅಂತ ಫೋನ್ ಮಾಡಿದ್ರಲ್ಲ. ನಾ ಶಿವಯೋಗೀಶ, ಫುಡ್ ಇನ್ಸ್‌ಪೆಕ್ಟರ್."

"ಅಯ್ಯ! ಅದು ಮಾಕ್ ಡ್ರಿಲ್ ರೀ. ಮೊದಲ ಹೇಳಿದ್ನಲ್ಲ."

"ಮೊದಲಿಂದು ಕೇಳಿಸಲಿಲ್ರಿ. ಇನ್ನೂರು ಮಂದಿ ಹಸದಾರ ಅನ್ನೂದಷ್ಟ ಕೇಳಿಸ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. "ಈ ಬಿಸಲು ನೋಡಿನೂ ಸಂಶೆ ಬರಲಿಲ್ಲೇನ್ರಿ?"

"ಬಂತ್ರಿ," ಅವನು ನಗಲಿಲ್ಲ. "ಆದ್ರ ಖರೇನ ಇದ್ದಿದ್ರ?"

ಅನ್ನ ಕೆಡಬಾರದೆಂದು ಪಕ್ಕದ ಕೆರೆಯಲ್ಲಿ ಹೂಳು ತೆಗೆಯುತ್ತಿದ್ದ ಕೂಲಿಯವರನ್ನು ಕರೆಸಿದರು. ಅವನು ಅನ್ನ ಬಡಿಸಿದ, ಅವಳು ಸಾರು. ಪಂಕ್ತಿಯ ಕೊನೆಗೆ ಬಂದಾಗ ಇಬ್ಬರ ಕಣ್ಣೂ ಕೂಡಿದವು. ಆಗ ಅವನು ನಕ್ಕ. ಜೆಸ್ಲಿನ್‌ಳ ಕೈ ತಪ್ಪಿ ಸಾರು ಅವಳ ಕಾಲ ಮೇಲೆಯೇ ಚೆಲ್ಲಿತು.

ಬೇಸಿಗೆಯುದ್ದಕ್ಕೂ ಅವರು ಧಾರವಾಡದ ಕಚೇರಿಯಲ್ಲಿ ಕೂತು ಮಳೆಗಾಲದ ಆಹಾರ ಯೋಜನೆ ಮಾಡಿದರು. ಅಕ್ಕಿ ಎಲ್ಲಿ ಎತ್ತರದಲ್ಲಿ ಇಡಬೇಕು, ನೆರೆಗೆ ಮನೆ ಬಿಟ್ಟವರ ಕಾಳಜಿ ಕೇಂದ್ರದಲ್ಲಿ ಅಡುಗೆ ಯಾರು ಮಾಡಬೇಕು, ರಸ್ತೆ ಮುಳುಗಿದರೆ ಮುಂದೇನು.

"ಮೂರೂ ಹೊತ್ತು ಅನ್ನ ಸಾರು ಅಂತ ಬರದೀರಿ. ಕಟಗಿ ತೊಯ್ದು, ಗ್ಯಾಸ್ ಬರದಿದ್ರ?" ಅವಳು ಕೇಳಿದಳು.

"ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಕೆಡೂದಿಲ್ಲ, ಒಲಿ ಬೇಕಾಗೂದಿಲ್ಲ. ಆದ್ರ ಸಾಹೇಬರು ಒಪ್ಪೂದಿಲ್ರಿ."

"ಒಪ್ಪಿಸೂದು ನನಗ ಬಿಡ್ರಿ."

ಒಪ್ಪಿಸಿದಳು. ಊರೂರಿನ ಮಹಿಳಾ ಸಂಘಗಳ ಜೊತೆ ಮಾತಾಯಿತು. "ಸರಕಾರಕ್ಕ ರೊಟ್ಟಿ ಬಡಿಯಾಕ ಕಲಿಸಿದ್ರಿ ನೀವು," ಎಂದು ಅವನು ಚೇಷ್ಟೆ ಮಾಡಿದ.

ಅವಳು ಬೋರ್ಡಿನ ಮೇಲೆ ಬರೆಯುವಾಗ ಅವನ ನೋಟ ನಕಾಶೆ ಬಿಟ್ಟು ಅವಳ ಜಡೆಯ ತುದಿಗೆ ಹೋಗುತ್ತಿತ್ತು. ಅವಳು ತಟ್ಟನೆ ತಿರುಗಿದರೆ ಪೆನ್ನಿನ ಮುಚ್ಚಳ ಹುಡುಕುವವನಂತೆ ಬಗ್ಗುತ್ತಿದ್ದ. ಆ ಪೆನ್ನಿಗೆ ಮುಚ್ಚಳವೇ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಹೇಳಲಿಲ್ಲ.

ಹೇಳದೆ ಉಳಿದದ್ದು ಅದೊಂದೇ ಅಲ್ಲ. ಬೆಂಗೇರಿಯಲ್ಲಿ ಅವನ ತಾಯಿ ಚನ್ನಬಸವ್ವ ಲಿಂಗಪೂಜೆಯಾಗದೆ ನೀರು ಮುಟ್ಟದ ಹೆಂಗಸು. ಮಾಳಮಡ್ಡಿಯಲ್ಲಿ ಇವಳ ತಂದೆ ಸತ್ಯಾನಂದ ಮಾಸ್ತರರು ಮಿಷನ್ ಶಾಲೆಯಿಂದ ನಿವೃತ್ತರಾದವರು, ಚರ್ಚಿನ ಹಿರಿಯರು. ಇಬ್ಬರಿಗೂ ಇದು ತಿಳಿದಿತ್ತು. ಹಾಗಾಗಿ ಮಾತು ಯಾವಾಗಲೂ ಅಕ್ಕಿ, ಬೇಳೆ, ರಸ್ತೆಯ ಹತ್ತಿರವೇ ನಿಂತುಬಿಡುತ್ತಿತ್ತು.

ಜುಲೈಯಲ್ಲಿ ಸಂಸ್ಥೆಯವರು ಅವಳನ್ನು ಅಸ್ಸಾಮಿಗೆ ಕರೆದರು. ಇದೇ ಕೆಲಸ, ಇದಕ್ಕಿಂತ ದೊಡ್ಡ ನದಿ, ಎರಡು ವರ್ಷ. ಅವಳು ಬರುತ್ತೇನೆಂದಳು. ಅವನಿಗೆ ಹೇಳಲಿಲ್ಲ.

ಆಗಸ್ಟಿನಲ್ಲಿ ಖರೇನೇ ನೀರು ಬಂತು.

ಬೆಳಿಗ್ಗೆಯಿಂದ ಅವಳು ಧಾರವಾಡದ ಕಂಟ್ರೋಲ್ ರೂಮಿನಲ್ಲಿದ್ದಳು. ಹಳ್ಳದಾಚೆಯ ಒಂದು ಊರಿನ ಜನ ಶಾಲೆಯ ಮಾಳಿಗೆ ಸೇರಿದ್ದರು. ಅಡುಗೆ ಮಾಡಿ ಒಯ್ಯಬೇಕಿದ್ದ ರಸ್ತೆಯೇ ನೀರಿನಡಿ ಇತ್ತು. ಈಚೆ ದಂಡೆಯ ಸಂಘದ ಹೆಂಗಸರು ರೊಟ್ಟಿ ಗಂಟು ಕಟ್ಟಿ ಸಿದ್ಧ ಇಟ್ಟಿದ್ದರು.

ಶಿವಯೋಗೀಶನ ಫೋನ್ ಬಂತು. "ಟ್ರ್ಯಾಕ್ಟರ್‌ನ್ಯಾಗ ಒಯ್ಯಾಕತ್ತೇನ್ರಿ."

"ಅಗ್ನಿಶಾಮಕದವರು ಹೂಂ ಅಂದಮ್ಯಾಲ ಅಷ್ಟ ದಾಟ್ರಿ. ಹಗ್ಗ ಕಟ್ಟಾರಿಲ್ಲೋ?"

"ಕಟ್ಟಾರ. ನೀವು ಅಂಜಬ್ಯಾಡ್ರಿ."

"ನಾ ಯಾಕ ಅಂಜಲಿ?" ಎಂದಳು. ಆ ಕಡೆ ಫೋನ್ ಕಟ್ಟಾಗಿತ್ತು.

ಮಧ್ಯಾಹ್ನವಾಯಿತು. ಅವನ ಫೋನ್ ಹತ್ತಲಿಲ್ಲ. ಬೇರೆ ಊರುಗಳಿಂದ ಕರೆ ಬರುತ್ತಲೇ ಇದ್ದವು: ಹಾಲಿನ ಪುಡಿ ಬೇಕು, ಕುಡಿಯುವ ನೀರು ಬೇಕು. ಅವಳು ಒಂದೇ ಸಮನಾದ ದನಿಯಲ್ಲಿ ಎಲ್ಲರಿಗೂ ಉತ್ತರ ಕೊಟ್ಟಳು. ಪಕ್ಕದಲ್ಲಿ ಕೂತಿದ್ದ ಗುಮಾಸ್ತೆ ಗೀತಾಂಜಲಿ ಮೆಲ್ಲಗೆ ಅಂದಳು, "ಆ ಒಂದು ಊರಿನ ಹೆಸರು ಹೇಳೂವಾಗ ಅಷ್ಟ ನಿಮ್ಮ ದನಿ ಬ್ಯಾರೆ ಆಗತೈತಿ ಮೇಡಂ." ಜೆಸ್ಲಿನ್ ಮುಖ ತಿರುಗಿಸಿದಳು.

ಸಂಜೆ ಪೊಲೀಸ್ ವೈರ್‌ಲೆಸ್ ಗೊರಗುಟ್ಟಿತು. ಊಟ ಮುಟ್ಟಿದೆ. ಹೋದವರೆಲ್ಲ ಸುಖರೂಪ ಇದ್ದಾರೆ. ನೀರು ಇಳಿಯುವ ತನಕ ಆ ಕಡೆಯೇ ಇರುತ್ತಾರೆ. ಅವಳು ಎದ್ದು ವರಾಂಡಕ್ಕೆ ಹೋಗಿ, ಕಿಟಕಿಯ ಸರಳು ಹಿಡಿದು ಅತ್ತಳು.

ಮರುದಿನ ನೀರು ಇಳಿದ ಮೇಲೆ ಅಕ್ಕಿಯ ಗಾಡಿಯಲ್ಲಿ ಅವಳೇ ಹೋದಳು. ಶಿವಯೋಗೀಶ ಶಾಲೆಯ ಕಟ್ಟೆಯ ಮೇಲೆ ಒಬ್ಬ ಮುದುಕಿಗೆ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಕೊಡುತ್ತಿದ್ದ. ಮೊಣಕಾಲ ತನಕ ಕೆಸರು. ಅವಳನ್ನು ಕಂಡವನೇ ಎದ್ದು ನಿಂತ.

"ನಿದ್ದಿ ಮಾಡಿಲ್ಲೇನ್ರಿ? ಕಣ್ಣು ಕೆಂಪಾಗ್ಯಾವ," ಎಂದ.

"ನೀವು ದಾಟಿದ್ರೋ ಇಲ್ಲೋ ಗೊತ್ತಾಗದ ಹ್ಯಾಂಗ ಕಳದೇನಿ ಅಂತ ನಿಮಗೇನು ಗೊತ್ತು!" ಅವಳ ದನಿ ಏರಿತು. ಮುದುಕಿ ತಲೆಯೆತ್ತಿ ನೋಡಿದಳು. ಇಬ್ಬರೂ ಶಾಲೆಯ ಹಿಂದಕ್ಕೆ ಸರಿದರು. ಇನ್ನು ಮುಚ್ಚಿಡುವುದು ಅವಳಿಂದ ಆಗಲಿಲ್ಲ. ಅಸ್ಸಾಮಿನ ಸುದ್ದಿ ಹೇಳಿಬಿಟ್ಟಳು.

ಅವನು ಹಳ್ಳದ ಕೆಂಪು ನೀರಿನ ಕಡೆ ತಿರುಗಿದ. "ನನಗ ಯಾವಾಗ ಹೇಳಬೇಕಂತ ಇದ್ರಿ?"

"ನೀವು ಹೋಗಬ್ಯಾಡ ಅಂದಿದ್ರ ನಾ ಉಳೀತಿದ್ದೆ. ಅದಕ್ಕ ಅಂಜಿದೆ."

"ಅನ್ನೂದಿಲ್ರಿ. ನಿನ್ನೆ ಈ ಮಂದಿ ಹಸದು ಮಲಗಲಿಲ್ಲ. ಅಲ್ಲೂ ಹಂಗ ಆಗಬೇಕು, ಹೋಗ್ರಿ." ಕೈಯನ್ನು ಅಂಗಿಗೆ ಒರೆಸಿಕೊಂಡ. "ಆದ್ರ ನೀವು ಹೋಗೂದರೊಳಗ ನಿಮ್ಮ ಅಪ್ಪಾರನ್ನ ಒಂದು ಮಾತು ಕೇಳಬೇಕು."

"ಏನಂತ?"

ಅವನು ಅವಳ ಮುಖವನ್ನು ನೇರವಾಗಿ ನೋಡಿದ. ಈ ಸಲ ಬಗ್ಗಲಿಲ್ಲ. "ನಿಮ್ಮ ಜೋಡಿ ಸಂಸಾರ ಮಾಡೂ ಆಸೆ ಐತಿ ಅಂತ."

ಅವಳ ಕಿವಿ ಬೆಚ್ಚಗಾಯಿತು. "ಕೇಳ್ರಿ," ಎಂದಳು, ಕೆಸರನ್ನೇ ನೋಡುತ್ತ.

ರವಿವಾರ ಸಂಜೆ ಅವನು ಮಾಳಮಡ್ಡಿಗೆ ಬಂದ. ಸತ್ಯಾನಂದ ಮಾಸ್ತರರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನನ್ನ ಮಗಳು ಚರ್ಚಿಗೆ ಹೋಗೂದು ಬಿಡೂದಿಲ್ಲ."

"ಬಿಡಬ್ಯಾಡ್ರಿ ಅಂತೇನಿ. ನಾನೂ ಲಿಂಗಾ ಬಿಡೂದಿಲ್ಲ."

"ನಿಮ್ಮ ತಾಯಾರಿಗೆ ಗೊತ್ತೈತೇನು?"

"ಹೇಳೇನ್ರಿ. ಮಾತು ಬಿಟ್ಟಿದ್ಲು." ಶಿವಯೋಗೀಶನ ದನಿ ಸಣ್ಣದಾಯಿತು. "ಇವತ್ತು ಮುಂಜಾನೆ ಬುತ್ತಿ ಕಟ್ಟೂವಾಗ ಕೇಳಿದ್ಲು. ಅಷ್ಟು ದೂರದಾಗ ಆ ಹುಡುಗಿ ಒಬ್ಬಾಕಿನ ಹ್ಯಾಂಗ ಇರ್ತಾಳೋ, ಅಂತ."

ಮಾಸ್ತರರು ಮಗಳ ಕಡೆ ನೋಡಿದರು. ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಚಹಾ ಆರಾಕತ್ತೈತಿ, ಕುಡಿ ತಮ್ಮಾ," ಎಂದರು. ಕಪ್ಪನ್ನು ಅವನ ಕಡೆ ಸರಿಸಿ, "ಆ ತಾಯೀನ ನಾ ಒಮ್ಮೆ ಕಾಣಬೇಕು," ಎಂದು ಸೇರಿಸಿದರು.

ಕಳಿಸಲು ಜೆಸ್ಲಿನ್ ಗೇಟಿನ ತನಕ ಬಂದಳು. ಬೀದಿಯಲ್ಲಿ ಇನ್ನೂ ಬೆಳಕಿತ್ತು. ಅವನು ಬೈಕ್ ಹತ್ತಿ, ಕೀಲಿ ತಿರುಗಿಸದೆ ಕೂತ.

"ಅಸ್ಸಾಮಿಗೆ ರಜಾ ಹಾಕಿ ಬರ್ಲೇನ್ರಿ, ದಸರಾಕ್ಕ?"

ಅವಳು ಬೈಕಿನ ಹ್ಯಾಂಡಲ್ ಮೇಲಿದ್ದ ಅವನ ಕೈ ಮೇಲೆ ತನ್ನ ಕೈಯಿಟ್ಟಳು. ಇಷ್ಟು ದಿನದಲ್ಲಿ ಮೊದಲ ಸಲ 'ರಿ' ಬಿಟ್ಟು ಅಂದಳು:

"ಬಾ. ನೀ ಬರೂ ದಾರಿ ಕಾಯ್ತೇನಿ."